ಕೌನ್ಸಿಲ್ ‘ಇಲ್ಲ’ ಅಂದ ಮೇಲೆ: ಸೇಫ್‌ಗಾರ್ಡಿಂಗ್ ಬೋರ್ಡಿನ ಎಸ್ಕಲೇಶನ್ ಪಾಲಿಸಿ ಬಳಸಿದವಳ ವಿಮರ್ಶೆ

ಮೊದಲೇ ಅಂಕ ಹೇಳಿಬಿಡುತ್ತೇನೆ. ಐದಕ್ಕೆ ಮೂರು. ಎರಡನೇ ಹಂತಕ್ಕೆ ಮಾತ್ರ ಅಂಕ ಕೊಡು ಅಂದರೆ ಐದಕ್ಕೆ ಐದು. ಕೊನೆಯ ಹಂತಕ್ಕೆ ಒಂದು, ಅದೂ ಹೆಸರಿಗಾದರೂ ಇದೆಯಲ್ಲ ಅನ್ನುವ ಕಾರಣಕ್ಕೆ.

ಇಂಗ್ಲೆಂಡಿಗೆ ಕೇರರ್ ಆಗಿ, ನರ್ಸ್ ಆಗಿ, ಸೋಶಿಯಲ್ ವರ್ಕರ್ ಆಗಿ ಬಂದಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸೇಫ್‌ಗಾರ್ಡಿಂಗ್ ಟ್ರೈನಿಂಗ್, ಅಂದರೆ ದುರ್ಬಲರನ್ನು ದೌರ್ಜನ್ಯ, ನಿರ್ಲಕ್ಷ್ಯದಿಂದ ಕಾಪಾಡುವ ತರಬೇತಿ, ಎಲ್ಲರೂ ಮಾಡಿರುತ್ತೀರಿ. ಕನ್ಸರ್ನ್ (ಒಬ್ಬರು ಅಪಾಯದಲ್ಲಿದ್ದಾರೆ ಅನ್ನುವ ವರದಿ) ಕಳಿಸುವುದು ಹೇಗೆ ಅಂತಲೂ ಗೊತ್ತಿರುತ್ತದೆ. ಆದರೆ ಕಳಿಸಿದ ಮೇಲೆ ಕೌನ್ಸಿಲ್‌ನಿಂದ, ಅಂದರೆ ಸ್ಥಳೀಯ ಆಡಳಿತದಿಂದ, ‘ನೋ ಫರ್ದರ್ ಆಕ್ಷನ್’ (ಮುಂದೆ ಕ್ರಮ ಇಲ್ಲ) ಅಂತ ಎರಡು ಸಾಲಿನ ಇಮೇಲ್ ಬಂದರೆ? ಮುಂದೇನು ಅಂತ ಟ್ರೈನಿಂಗಿನಲ್ಲಿ ಯಾರೂ ಹೇಳಿರುವುದಿಲ್ಲ. ಹೆಚ್ಚಿನವರು ಆ ಇಮೇಲನ್ನು ಫೈಲಿಗೆ ಸೇರಿಸಿ, ನಮ್ಮ ಕೆಲಸ ನಾವು ಮಾಡಿದ್ದೇವೆ ಅಂತ ಸುಮ್ಮನಾಗುತ್ತಾರೆ.

ಸುಮ್ಮನಾಗಬೇಕಿಲ್ಲ. ಕೌನ್ಸಿಲ್, ಆರೋಗ್ಯ ಸೇವೆ, ಪೊಲೀಸ್ ಸೇರಿರುವ ನಿಮ್ಮ ಊರಿನ ಸೇಫ್‌ಗಾರ್ಡಿಂಗ್ ಅಡಲ್ಟ್ಸ್ ಬೋರ್ಡಿನ ವೆಬ್‌ಸೈಟಿಗೆ ಹೋಗಿ ‘ಎಸ್ಕಲೇಶನ್’ (ವಿಷಯವನ್ನು ಮೇಲಿನವರಿಗೆ ಒಯ್ಯುವುದು) ಅಂತಲೋ ‘ರೆಸಲ್ಯೂಶನ್’ ಅಂತಲೋ ಹುಡುಕಿ. ಕೆಲವೇ ಪುಟಗಳ ಒಂದು ಪಿಡಿಎಫ್ ಸಿಗುತ್ತದೆ. ಒಬ್ಬ ದುರ್ಬಲ ವ್ಯಕ್ತಿಯ ರಕ್ಷಣೆ ವಿಷಯದಲ್ಲಿ ಎರಡು ಸಂಸ್ಥೆಗಳಿಗೆ ಅಭಿಪ್ರಾಯ ಕೂಡದಿದ್ದರೆ ಯಾರು ಯಾರ ಜೊತೆ ಮಾತಾಡಬೇಕು, ಎಷ್ಟು ದಿನದೊಳಗೆ, ಆಮೇಲೆ ಯಾರ ಹತ್ತಿರ ಹೋಗಬೇಕು ಅನ್ನುವುದು ಅದರಲ್ಲಿರುತ್ತದೆ. ದುಡ್ಡು ಕೊಡಬೇಕಿಲ್ಲ. ಯಾರ ಅಪ್ಪಣೆಯೂ ಬೇಕಿಲ್ಲ.

ನಾನು ಮನೆಮನೆಗೆ ಕೇರರ್‌ಗಳನ್ನು ಕಳಿಸುವ ಒಂದು ಹೋಮ್ ಕೇರ್ ಕಂಪನಿಯಲ್ಲಿ ರಿಜಿಸ್ಟರ್ಡ್ ಮ್ಯಾನೇಜರ್. ಈ ವ್ಯವಸ್ಥೆಯಲ್ಲಿ ನಮ್ಮದು ತೀರಾ ಕೆಳಗಿನ ಕುರ್ಚಿ. ದಿನಾ ಬೆಳಗ್ಗೆ ಆ ಮನೆ ಬಾಗಿಲು ತಟ್ಟುವವರು ನಾವೇ. ಮೀಟಿಂಗಿನಲ್ಲಿ ಕೊನೆಗೆ ಮಾತು ಬರುವುದೂ ನಮಗೇ. ಅದಕ್ಕೇ ಈ ವಿಮರ್ಶೆಯಲ್ಲಿ ಸ್ವಲ್ಪ ಖಾರ ಇದ್ದರೆ ಕ್ಷಮಿಸಿ. ಊರಿನ ಹೆಸರು, ಕೌನ್ಸಿಲ್ ಹೆಸರು, ಆಸ್ಪತ್ರೆ ಹೆಸರು ಯಾವುದನ್ನೂ ಹೇಳುವುದಿಲ್ಲ. ಮುಂದೆ ಬರುವ, ನಮ್ಮ ಕೇರರ್‌ಗಳು ನೋಡಿಕೊಳ್ಳುತ್ತಿದ್ದ ಒಬ್ಬ ತಾತನ ವಿವರವನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ.

ಮೊದಲು ಈ ಜಗಳಗಳು ಯಾಕೆ ಹುಟ್ಟುತ್ತವೆ ಅನ್ನುವುದು. ಯಾರೂ ಕೆಟ್ಟವರಲ್ಲ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅಳತೆಗೋಲು, ಅಷ್ಟೇ. ಅಪರಾಧ ನಡೆದಿದೆಯಾ ಅಂತ ಪೊಲೀಸರು ನೋಡುತ್ತಾರೆ. ಆಸ್ಪತ್ರೆಯವರು ‘ಮೆಡಿಕಲಿ ಫಿಟ್’ ಆಗಿದ್ದಾರಾ, ಬೆಡ್ ಯಾವಾಗ ಖಾಲಿಯಾಗುತ್ತದೆ ಅಂತ ನೋಡುತ್ತಾರೆ. ಹೌಸಿಂಗ್‌ನವರಿಗೆ ಬಾಡಿಗೆ ಕರಾರು ಮುಖ್ಯ. ಕೌನ್ಸಿಲ್ ನೋಡುವುದು 2014ರ ಕೇರ್ ಆಕ್ಟಿನ ಸೆಕ್ಷನ್ 42ಕ್ಕೆ, ಅಂದರೆ ತಾನು ಎಂಕ್ವೈರಿ (ವಿಚಾರಣೆ) ಮಾಡಲೇಬೇಕಾದ ಕೇಸುಗಳಿಗೆ, ಇದು ಬರುತ್ತದಾ ಅಂತ. ಎಲ್ಲರ ಉತ್ತರವೂ ಅವರವರ ಲೆಕ್ಕದಲ್ಲಿ ಸರಿಯೇ. ಆ ಸರಿಗಳ ನಡುವೆ ಮನುಷ್ಯ ಜಾರಿ ಬೀಳುತ್ತಾನೆ.

ನಮ್ಮ ತಾತನ ಕಥೆಯೂ ಹಾಗೇ ಆಯಿತು. ಒಬ್ಬರೇ ಇರುವವರು. ಕಾಲಲ್ಲಿ ವಾಸಿಯಾಗದ ಹುಣ್ಣು. ಮನೆ ತುಂಬಾ ಪೇಪರ್, ಡಬ್ಬ, ಹಳೇ ರೇಡಿಯೋ, ಬಟ್ಟೆಯ ರಾಶಿ. ಬಾತ್‌ರೂಮಿಗೆ ಹೋಗಲು ದಾರಿ ಇಲ್ಲ. ಜೊತೆಗೆ ಸಿಗರೇಟು. ಕಾಲಿಗೆ ಹಚ್ಚುತ್ತಿದ್ದುದು ಪ್ಯಾರಾಫಿನ್ ಇರುವ ಕ್ರೀಮು. ಅದು ಬಟ್ಟೆಗೆ, ಬ್ಯಾಂಡೇಜಿಗೆ, ಹಾಸಿಗೆಗೆ ಹೀರಿಕೊಂಡಿದ್ದರೆ ಒಂದು ಕಿಡಿ ಬಿದ್ದರೂ ಬೆಂಕಿ ಬಹಳ ಬೇಗ ಹರಡುತ್ತದೆ. ಇಂತಹ ಕ್ರೀಮು ಹೀರಿಕೊಂಡ ಬಟ್ಟೆಗೆ ಬೆಂಕಿ ಹತ್ತಿ ಸತ್ತವರಿದ್ದಾರೆ. ಔಷಧ ನಿಯಂತ್ರಣದ ಎಂಎಚ್‌ಆರ್‌ಎ 2018ರಲ್ಲಿ ಈ ಎಚ್ಚರಿಕೆಯನ್ನು ಇನ್ನಷ್ಟು ವಿಸ್ತರಿಸಿ, ಪ್ಯಾರಾಫಿನ್ ಇಲ್ಲದ ಕ್ರೀಮುಗಳಿಗೂ ಇದು ಅನ್ವಯಿಸುತ್ತದೆ ಅಂದಿತು.

ಅಲ್ಲಿಗೆ ಹೋಗುತ್ತಿದ್ದ ನಮ್ಮ ಹುಡುಗಿ ಕನ್ನಡದವಳೇ. ಫೋನ್ ಮಾಡಿ, ‘ಅಕ್ಕಾ, ಇವತ್ತೂ ಒಳಗೆ ಬಿಡಲಿಲ್ಲ. ಕಿಟಕಿಯಿಂದ ನೋಡಿದೆ, ಹಾಸಿಗೆ ಮೇಲೇ ಸಿಗರೇಟು ಸೇದ್ತಾ ಇದ್ದಾರೆ’ ಅಂದಳು. ಬರೆದಿಡು ಅಂದೆ. ಬರೆದಳು. ಹೇಗೆ ಬರೆದಳು ಅಂದರೆ ಗಂಟೆ, ಅವರು ಆಡಿದ ಮಾತು, ಬಂದ ವಾಸನೆ ಸಮೇತ. ಮುಂದೆ ಇಡೀ ಕೇಸು ನಿಂತಿದ್ದು ಆ ಬರಹದ ಮೇಲೆಯೇ.

ಕನ್ಸರ್ನ್ ಕಳಿಸಿದೆವು. ಉತ್ತರ ಬಂತು: ಅವರಿಗೆ ಕೆಪಾಸಿಟಿ (ಸ್ವಂತ ತೀರ್ಮಾನ ಮಾಡುವ ಮಾನಸಿಕ ಸಾಮರ್ಥ್ಯ) ಇದೆ, ಸೇವೆ ಬೇಡ ಅನ್ನುತ್ತಿದ್ದಾರೆ, ಇದು ಅವರ ‘ಲೈಫ್‌ಸ್ಟೈಲ್ ಚಾಯ್ಸ್’, ಸೆಕ್ಷನ್ 42 ಎಂಕ್ವೈರಿ ಇಲ್ಲ.

ಈ ‘ಲೈಫ್‌ಸ್ಟೈಲ್ ಚಾಯ್ಸ್’ ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಕೀವು ಸೋರುವ ಕಾಲು ಯಾರ ಲೈಫ್‌ಸ್ಟೈಲು?

ಇಲ್ಲಿಂದ ಪಾಲಿಸಿಯ ಹಂತಗಳು ಶುರು. ನಮ್ಮ ಬೋರ್ಡಿನಲ್ಲಿ ನಾಲ್ಕು. ಬೇರೆ ಕಡೆ ಒಂದು ಹೆಚ್ಚು ಕಡಿಮೆ ಇರುತ್ತದೆ. ಮೊದಲನೆಯದು ಕೆಲಸ ಮಾಡುವವರ ನಡುವೆ ನೇರ ಮಾತು. ನಾನು ಕೌನ್ಸಿಲ್‌ನ ಡ್ಯೂಟಿ ಸೋಶಿಯಲ್ ವರ್ಕರ್‌ಗೆ ಫೋನ್ ಮಾಡಿದೆ. ಒಳ್ಳೆಯ ಹುಡುಗ. ನಾನು ಹೇಳಿದ್ದಕ್ಕೆಲ್ಲ ಹೌದು ಹೌದು ಅಂದ. ತುಂಬಾ ಕಷ್ಟದ ಪರಿಸ್ಥಿತಿ ಅಂತ ಒಪ್ಪಿಕೊಂಡ. ಕೊನೆಗೆ ತೀರ್ಮಾನ ಮಾತ್ರ ಹಾಗೇ ಉಳಿಯಿತು. ಮೊದಲ ಹಂತದ ತೊಂದರೆಯೇ ಇದು. ಫೋನಿನಲ್ಲಿ ಎಲ್ಲರೂ ಸಭ್ಯರು. ಸಭ್ಯತೆಯಲ್ಲಿ ಭಿನ್ನಾಭಿಪ್ರಾಯ ಕರಗಿಹೋದ ಹಾಗೆ ಕಾಣುತ್ತದೆ. ಫೋನ್ ಇಟ್ಟ ಮೇಲೆ ನೋಡಿದರೆ ಏನೂ ಬದಲಾಗಿರುವುದಿಲ್ಲ. ಎಷ್ಟೋ ಕಡೆ ಜನ ಇಲ್ಲಿಗೇ ಬಿಟ್ಟುಬಿಡುತ್ತಾರೆ. ನಮ್ಮವರಂತೂ ಖಂಡಿತ. ದೊಡ್ಡವರು ಬೇಡ ಅಂದ ಮೇಲೆ ಮತ್ತೆ ಕೇಳುವುದು ಹೇಗೆ ಅನ್ನುವ ಸಂಕೋಚ ನಮ್ಮ ರಕ್ತದಲ್ಲೇ ಇದೆ.

ಎರಡನೇ ಹಂತ ಮ್ಯಾನೇಜರ್‌ನಿಂದ ಮ್ಯಾನೇಜರ್‌ಗೆ, ಬರವಣಿಗೆಯಲ್ಲಿ. ಐದಕ್ಕೆ ಐದು ಕೊಟ್ಟಿದ್ದು ಇದಕ್ಕೇ.

ಬರೆಯಲು ಕೂತಾಗ ಒಂದು ವಿಷಯ ಖಚಿತ ಮಾಡಿಕೊಂಡೆ. ತಾತನ ಸ್ಥಿತಿ ಎಷ್ಟು ಶೋಚನೀಯ ಅಂತ ಬರೆಯಬಾರದು. ಅದು ಅವರಿಗೆ ಗೊತ್ತು. ಅವರು ಕೊಟ್ಟ ಕಾರಣ ಕಾನೂನಿನ ಯಾವ ಸಾಲಿಗೆ ಹೊಂದುವುದಿಲ್ಲ ಅಂತ ಬರೆಯಬೇಕು. ಸೆಕ್ಷನ್ 42ರಲ್ಲಿ ಮೂರು ಪ್ರಶ್ನೆ ಇವೆ. ಆ ವ್ಯಕ್ತಿಗೆ ಆರೈಕೆಯ, ಬೆಂಬಲದ ಅಗತ್ಯ ಇದೆಯಾ? ಕೌನ್ಸಿಲ್ ಅದನ್ನು ಕೊಡುತ್ತಿರಲಿ ಬಿಡಲಿ, ಅದು ಲೆಕ್ಕಕ್ಕಿಲ್ಲ. ದೌರ್ಜನ್ಯ ಅಥವಾ ನಿರ್ಲಕ್ಷ್ಯ ನಡೆಯುತ್ತಿದೆಯಾ, ಅಥವಾ ಅದರ ಅಪಾಯ ಇದೆಯಾ? ಆ ಅಗತ್ಯಗಳ ಕಾರಣದಿಂದಲೇ ತನ್ನನ್ನು ತಾನು ಕಾಪಾಡಿಕೊಳ್ಳಲು ಆಗುತ್ತಿಲ್ಲವಾ? ಮೂರಕ್ಕೂ ಹೌದು ಅಂತ ಅನುಮಾನ ಪಡಲು ತಕ್ಕ ಕಾರಣ ಇದ್ದರೆ ಸಾಕು, ಎಂಕ್ವೈರಿ ಕೌನ್ಸಿಲ್‌ನ ಕರ್ತವ್ಯ. ತನ್ನನ್ನು ತಾನೇ ನಿರ್ಲಕ್ಷಿಸಿಕೊಳ್ಳುವುದು ಅಂದರೆ ಸೆಲ್ಫ್ ನೆಗ್ಲೆಕ್ಟ್ ಕೂಡ ಇದರ ವ್ಯಾಪ್ತಿಗೆ ಬರುತ್ತದೆ ಅಂತ ಸರ್ಕಾರದ ಮಾರ್ಗಸೂಚಿಯ 14ನೇ ಅಧ್ಯಾಯದಲ್ಲಿದೆ. ಎಲ್ಲ ಸೆಲ್ಫ್ ನೆಗ್ಲೆಕ್ಟೂ ಎಂಕ್ವೈರಿಗೆ ಹೋಗಬೇಕಿಲ್ಲ ಅಂತಲೂ ಅಲ್ಲೇ ಇದೆ, ನಿಜ. ಆದರೆ ಕೆಪಾಸಿಟಿ ಇದೆಯಾ ಇಲ್ಲವಾ ಅನ್ನುವುದು ಈ ಮೂರು ಪ್ರಶ್ನೆಗಳಲ್ಲಿ ಎಲ್ಲೂ ಇಲ್ಲ. ‘ಬೇಡ ಅಂದರು’ ಅನ್ನುವುದೂ ಇಲ್ಲ.

ಇನ್ನೊಂದು ಸಾಲು ಸೆಕ್ಷನ್ 11ರಲ್ಲಿದೆ. ಇದನ್ನು ಎಲ್ಲರೂ ಬಾಯಿಪಾಠ ಮಾಡಿಟ್ಟುಕೊಳ್ಳಿ. ಸಾಮಾನ್ಯವಾಗಿ ಯಾರಾದರೂ ಅಸೆಸ್‌ಮೆಂಟ್ (ಆರೈಕೆಯ ಅಗತ್ಯಗಳ ಪರಿಶೀಲನೆ) ಬೇಡ ಅಂದರೆ ಕೌನ್ಸಿಲ್ ಮಾಡಬೇಕಿಲ್ಲ. ಆದರೆ ಆ ವ್ಯಕ್ತಿ ದೌರ್ಜನ್ಯಕ್ಕೋ ನಿರ್ಲಕ್ಷ್ಯಕ್ಕೋ ಒಳಗಾಗಿದ್ದರೆ, ಅದರ ಅಪಾಯ ಇದ್ದರೆ, ಅವರು ಬೇಡ ಅಂದರೂ ಅಸೆಸ್‌ಮೆಂಟ್ ಮಾಡಲೇಬೇಕು. ಕಾನೂನು ಅಷ್ಟು ಸ್ಪಷ್ಟವಾಗಿದೆ.

ಇಷ್ಟನ್ನು ಒಂದೇ ಪುಟದಲ್ಲಿ ಬರೆದೆ. ಯಾವ ತೀರ್ಮಾನ ಒಪ್ಪುತ್ತಿಲ್ಲ, ಯಾವ ಕಾರಣಕ್ಕೆ, ಏನಾಗಬೇಕು, ಅಲ್ಲಿಯವರೆಗೆ ಬೆಂಕಿಯ ಅಪಾಯವನ್ನು ಯಾರು ನೋಡಿಕೊಳ್ಳುತ್ತಾರೆ. ಕೊನೆಯ ಪ್ರಶ್ನೆ ಬಹಳ ಮುಖ್ಯ. ಭಿನ್ನಾಭಿಪ್ರಾಯ ಬಗೆಹರಿಯುವವರೆಗೂ ವ್ಯಕ್ತಿಯ ಸುರಕ್ಷತೆಗೆ ಒಂದು ಯೋಜನೆ ಇರಬೇಕು, ತಕ್ಷಣದ ಅಪಾಯ ಇದ್ದರೆ ಈ ಹಂತಗಳಿಗಾಗಿ ಕಾಯಬಾರದು ಅಂತ ಪಾಲಿಸಿಯಲ್ಲಿ ದಪ್ಪಕ್ಷರದಲ್ಲೇ ಇದೆ. ನನ್ನ ಕಾಗದ ಸಿಕ್ಕಿದ ಟೀಮ್ ಮ್ಯಾನೇಜರಮ್ಮ ಪಾಲಿಸಿಯಲ್ಲಿ ಹೇಳಿದ್ದ ಗಡುವಿನೊಳಗೇ ಫೋನ್ ಮಾಡಿದರು. ‘ನೀವು ಹೇಳಿದ್ದು ಸರಿ, ಎಂಕ್ವೈರಿ ತೆಗೆಯುತ್ತೇವೆ’ ಅಂದರು. ನೀರು ಕುಡಿದಷ್ಟು ಸುಲಭವಾಗಿ.

ಅದೇ ಕೌನ್ಸಿಲ್, ಅದೇ ಕಟ್ಟಡ, ಅದೇ ಕಾನೂನು. ಬದಲಾಗಿದ್ದು ಏನು? ಆ ಹುಡುಗ ದಿನಾ ಬರುವ ಕನ್ಸರ್ನ್‌ಗಳ ರಾಶಿಯ ಮುಂದೆ ಕೂತಿದ್ದ. ಮ್ಯಾನೇಜರ್ ಮುಂದೆ ಇದ್ದಿದ್ದು ಒಂದೇ ಕಾಗದ. ಅದಕ್ಕೆ ಅವರ ಹೆಸರಿನಲ್ಲಿ, ತಾರೀಕು ಹಾಕಿ ಉತ್ತರ ಕೊಡಬೇಕಿತ್ತು. ಬಾಯಲ್ಲಿ ‘ಇಲ್ಲ’ ಅನ್ನುವುದು ಸುಲಭ. ಕಾರಣ ಬರೆದು ಸಹಿ ಹಾಕಿ ‘ಇಲ್ಲ’ ಅನ್ನುವಾಗ ಯಾರೇ ಆದರೂ ಒಮ್ಮೆ ಕಾನೂನು ತೆಗೆದು ನೋಡುತ್ತಾರೆ. ಈ ಸೇವೆಯ ಬೆಲೆಯೆಲ್ಲ ಅಲ್ಲಿದೆ ಅಂತ ನನ್ನ ಲೆಕ್ಕ.

ಮೂರನೇ ಹಂತಕ್ಕೆ ಹೋಗಿದ್ದು ಬೇರೆ ವಿಷಯಕ್ಕೆ, ಆಸ್ಪತ್ರೆ ಜೊತೆ. ಎಂಕ್ವೈರಿ ನಡೆಯುತ್ತಿರುವಾಗಲೇ ತಾತನ ಕಾಲಿಗೆ ಸೋಂಕು ಏರಿ ಅಡ್ಮಿಟ್ ಆದರು. ಜ್ವರ ಇಳಿಯಿತು, ಮೆಡಿಕಲಿ ಫಿಟ್ ಆದರು. ಮನೆಗೆ ಕಳಿಸುತ್ತೇವೆ, ಕೆಪಾಸಿಟಿ ಅಸೆಸ್ ಮಾಡಿದ್ದೇವೆ, ಇದೆ ಅಂದರು. ಆ ಫಾರ್ಮ್ ತರಿಸಿ ನೋಡಿದೆವು. ಕೇಳಿದ್ದ ಪ್ರಶ್ನೆ ‘ಎಲ್ಲಿಗೆ ಹೋಗಲು ಇಷ್ಟ’ ಅನ್ನುವುದು. ತಾತ ‘ನಮ್ಮ ಮನೆಗೆ’ ಅಂದಿದ್ದಾರೆ. ಯಾರು ತಾನೇ ಇನ್ನೇನು ಹೇಳುತ್ತಾರೆ?

2005ರ ಮೆಂಟಲ್ ಕೆಪಾಸಿಟಿ ಆಕ್ಟ್ ಪ್ರಕಾರ ಕೆಪಾಸಿಟಿ ಅನ್ನುವುದು ಒಬ್ಬ ಮನುಷ್ಯನಿಗೆ ಒಟ್ಟಾರೆ ಇರುವ ಅಥವಾ ಇಲ್ಲದ ಗುಣ ಅಲ್ಲ. ಒಂದು ನಿರ್ದಿಷ್ಟ ತೀರ್ಮಾನಕ್ಕೆ, ಒಂದು ನಿರ್ದಿಷ್ಟ ಹೊತ್ತಿಗೆ ಸಂಬಂಧಿಸಿದ್ದು. ಹೇಳಿದ್ದು ಅರ್ಥವಾಗಬೇಕು, ತೀರ್ಮಾನ ಮಾಡುವಷ್ಟು ಹೊತ್ತು ನೆನಪಿರಬೇಕು, ಅದನ್ನು ತೂಗಿ ನೋಡಿ ಬಳಸಬೇಕು, ತಿಳಿಸಲು ಬರಬೇಕು. ಮನೆಗೆ ಹೋಗುವುದರ ಬಗ್ಗೆ ಅವರಿಗೆ ಕೆಪಾಸಿಟಿ ಇರಬಹುದು. ಗಾಯದ ಡ್ರೆಸಿಂಗ್ ಬಗ್ಗೆ? ಹಾಸಿಗೆ ಮೇಲೆ ಸಿಗರೇಟಿನ ಬಗ್ಗೆ? ಅದನ್ನು ಯಾರೂ ಕೇಳಿರಲಿಲ್ಲ.

ಇನ್ನೂ ಒಂದು ಸೂಕ್ಷ್ಮ ಇದೆ. ತಾತ ಮಾತಿನಲ್ಲಿ ಬಹಳ ಚುರುಕು. ‘ದಿನಾ ಡ್ರೆಸಿಂಗ್ ಮಾಡಿಸ್ಕೊಳ್ತೀನಿ, ಹಾಸಿಗೇಲಿ ಸೇದಲ್ಲ’ ಅಂತ ಚೆನ್ನಾಗಿ ವಿವರಿಸುತ್ತಾರೆ. ಮನೆಯಲ್ಲಿ ಅದು ಒಂದು ದಿನವೂ ನಡೆಯುವುದಿಲ್ಲ. ಹೇಳಲು ಬರುತ್ತದೆ, ಆ ಹೊತ್ತಿಗೆ ಮಾಡಲು ಆಗುವುದಿಲ್ಲ. ಇದನ್ನು ಇಲ್ಲಿನವರು ‘ಎಕ್ಸಿಕ್ಯುಟಿವ್ ಕೆಪಾಸಿಟಿ’ ಅನ್ನುತ್ತಾರೆ. ಕಾಯ್ದೆಯಲ್ಲಿ ಆ ಪದ ಇಲ್ಲ. ಆದರೆ ಆರೋಗ್ಯ, ಆರೈಕೆಗೆ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2018ರಲ್ಲಿ ತಂದ ಮಾರ್ಗಸೂಚಿ, ಎನ್‌ಜಿ 108, ಇಂತಹವರಲ್ಲಿ ಬರೀ ಕೂತು ಪ್ರಶ್ನೆ ಕೇಳಿದರೆ ಸಾಲದು, ನಿಜ ಜೀವನದಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಅಂತಲೂ ನೋಡಬೇಕಾಗಬಹುದು ಅನ್ನುತ್ತದೆ. ನಿಜ ಜೀವನದ ಸಾಕ್ಷಿ ಯಾರ ಹತ್ತಿರ ಇತ್ತು? ನಮ್ಮ ಹುಡುಗಿ ಬರೆದಿಟ್ಟ ದಿನಚರಿಯಲ್ಲಿ.

ಆಸ್ಪತ್ರೆಯವರ ವಾದಕ್ಕೂ ತೂಕ ಇತ್ತು ಅಂತ ಹೇಳಲೇಬೇಕು. ಬುದ್ಧಿವಂತಿಕೆಯಿಲ್ಲದ ತೀರ್ಮಾನ ಮಾಡಿದ ಮಾತ್ರಕ್ಕೆ ಕೆಪಾಸಿಟಿ ಇಲ್ಲ ಅನ್ನುವ ಹಾಗಿಲ್ಲ ಅಂತ ಅದೇ ಕಾಯ್ದೆ ಮೊದಲ ಸೆಕ್ಷನ್ನಿನಲ್ಲೇ ಹೇಳುತ್ತದೆ. ವಾರ್ಡಿನ ಸಿಸ್ಟರ್ ನನಗೆ, ‘ನಿಮಗೆ ಮನೆ ಕೊಳಕು ಅನ್ನಿಸಿದ್ದಕ್ಕೆ ಅವರನ್ನು ಕೇರ್ ಹೋಮಿಗೆ ಹಾಕಬೇಕಾ?’ ಅಂತ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಕೇರ್ ಹೋಮ್ ಬೇಕು ಅಂತ ನಾವು ಕೇಳಿರಲಿಲ್ಲ. ಸರಿಯಾದ ಪ್ರಶ್ನೆಗೆ ಸರಿಯಾದ ಅಸೆಸ್‌ಮೆಂಟ್ ಆಗಲಿ ಅಂದಿದ್ದು. ಆದರೆ ನಾವು ಬೇರೆ ಏನೋ ಬಯಸುತ್ತಿದ್ದೇವೆ ಅಂತ ಅವರು, ಅವರಿಗೆ ಬೆಡ್ ಖಾಲಿಯಾದರೆ ಸಾಕು ಅಂತ ನಾವು, ಹೀಗೆ ಎರಡೂ ಕಡೆ ಊಹೆ ಬೆಳೆದಿತ್ತು. ಅರ್ಧ ಜಗಳ ಊಹೆಯದು.

ಇಲ್ಲಿ ಒಂದು ಕಾನೂನಿನ ಕಿಟಕಿ ಇದೆ, ನಮ್ಮಂತಹ ಖಾಸಗಿ ಕಂಪನಿಗಳಿಗೆ ಅದು ಮುಚ್ಚಿದೆ. ಕೇರ್ ಆಕ್ಟಿನ ಸೆಕ್ಷನ್ 7ರ ಪ್ರಕಾರ ಒಂದು ನಿರ್ದಿಷ್ಟ ಕೇಸಿನಲ್ಲಿ ಕೌನ್ಸಿಲ್ ತನ್ನ ಪಾಲುದಾರ ಸಂಸ್ಥೆಯ ಸಹಕಾರ ಕೇಳಿದರೆ, ಅವರು ಕೊಡಲೇಬೇಕು. ಪಾಲುದಾರರು ಕೌನ್ಸಿಲ್‌ಗೆ ಕೇಳಿದರೂ ಅಷ್ಟೇ. ತಮ್ಮ ಬೇರೆ ಕರ್ತವ್ಯಕ್ಕೆ ಅಡ್ಡಿಯಾಗುತ್ತದೆ ಅಂದರೆ ಒಲ್ಲೆ ಅನ್ನಬಹುದು, ಆದರೆ ಕಾರಣ ಬರೆದು ಕೊಡಬೇಕು. ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ), ಪೊಲೀಸ್ ಆ ಪಟ್ಟಿಯಲ್ಲಿದ್ದಾರೆ. ಹೋಮ್ ಕೇರ್ ಕಂಪನಿ ಇಲ್ಲ. ಹಾಗಾಗಿ ನಾನು ಟೀಮ್ ಮ್ಯಾನೇಜರ್ ಹತ್ತಿರ ಹೋಗಿ, ಈ ಕೋರಿಕೆ ನಿಮ್ಮಿಂದ ಆಸ್ಪತ್ರೆಗೆ ಹೋಗಲಿ ಅಂದೆ. ಮೊದಲು ಎದುರು ಪಕ್ಷದಲ್ಲಿದ್ದವರು ಈಗ ನಮ್ಮ ಕಡೆ. ಇಂತಹ ಜಗಳದಲ್ಲಿ ಪಕ್ಷಗಳು ಹೀಗೇ ಬದಲಾಗುತ್ತಿರುತ್ತವೆ. ಅದಕ್ಕೇ ಯಾರ ಮೇಲೂ ಇಮೇಲಿನಲ್ಲಿ ಹರಿಹಾಯಬೇಡಿ. ನಾಳೆ ಅವರೇ ಬೇಕಾಗುತ್ತಾರೆ.

ಮೂರನೇ ಹಂತದಲ್ಲಿ ಕೂತವರು ಕೌನ್ಸಿಲ್‌ನ ಸೇಫ್‌ಗಾರ್ಡಿಂಗ್ ಮುಖ್ಯಸ್ಥರು, ಎನ್‌ಎಚ್‌ಎಸ್ ಕಡೆಯ ಡೆಸಿಗ್ನೇಟೆಡ್ ನರ್ಸ್, ಆಸ್ಪತ್ರೆಯ ಸೇಫ್‌ಗಾರ್ಡಿಂಗ್ ಲೀಡ್. ಆನ್‌ಲೈನ್ ಮೀಟಿಂಗ್. ನನ್ನನ್ನು ಕರೆದದ್ದು ಹದಿನೈದು ನಿಮಿಷಕ್ಕೆ ಮಾತ್ರ, ದಿನಚರಿ ಓದಲು. ಆದರೂ ಕೆಲಸ ಆಯಿತು. ಆಕ್ಯುಪೇಶನಲ್ ಥೆರಪಿಸ್ಟ್ ಮತ್ತು ಸೋಶಿಯಲ್ ವರ್ಕರ್ ಜೊತೆಯಾಗಿ, ತಾತನ ಮನೆಯಲ್ಲೇ ಅಸೆಸ್ ಮಾಡುವುದು ಅಂತ ತೀರ್ಮಾನ. ರಾತ್ರಿ ಬೆಂಕಿ ಬಿದ್ದರೆ ಹೊರಗೆ ಹೇಗೆ ಹೋಗುತ್ತೀರಿ, ತೋರಿಸಿ ಅಂದರು. ತಾತ ಬಾಯಲ್ಲಿ ಹೇಳಿದರು. ನಡೆದು ತೋರಿಸಲು ಆಗಲಿಲ್ಲ. ಪೇಪರಿನ ರಾಶಿ ದಾಟಲು ಹೋಗಿ ನಡುವೆ ನಿಂತುಬಿಟ್ಟರು.

ಫಲಿತಾಂಶ ಸಿನಿಮಾದ ಹಾಗೆ ಇಲ್ಲ. ಎಲ್ಲಿ ಇರಬೇಕು ಅನ್ನುವ ತೀರ್ಮಾನಕ್ಕೆ ಕೆಪಾಸಿಟಿ ಇದೆ, ಮನೆಯಲ್ಲೇ ಇರಲಿ. ಡ್ರೆಸಿಂಗ್ ವಿಷಯದಲ್ಲಿ ಸೋಂಕು ಏರಿದಾಗ ಇರುವುದಿಲ್ಲ, ಆಗಿನ ಮಟ್ಟಿಗೆ ಬೇರೆ ಯೋಜನೆ. ತಾತನ ಪರವಾಗಿ ಮಾತಾಡಲು ಒಬ್ಬ ಅಡ್ವೊಕೇಟ್ ನೇಮಿಸಿದರು. ವಕೀಲರಲ್ಲ, ತಾತನಿಗೆ ಬೇಕಾದ್ದನ್ನು ಮುಂದಿಡುವ ಸ್ವತಂತ್ರ ವ್ಯಕ್ತಿ. ಎಂಕ್ವೈರಿಯಲ್ಲಿ ಭಾಗವಹಿಸಲು ಬಹಳ ಕಷ್ಟ ಇದ್ದು, ಜೊತೆಗೆ ನಿಲ್ಲುವ ಸ್ವಂತದವರು ಯಾರೂ ಇಲ್ಲದಿದ್ದರೆ ಇದು ಕೌನ್ಸಿಲ್‌ನ ಕರ್ತವ್ಯ, ಸೆಕ್ಷನ್ 68. ಮೊದಲ ದಿನವೇ ಆಗಬೇಕಿತ್ತು, ಇರಲಿ.

ನಿಜವಾಗಿ ಬಾಗಿಲು ತೆರೆಸಿದ್ದು ಅಗ್ನಿಶಾಮಕ ದಳದವರು. ಹೋರ್ಡಿಂಗ್, ಅಂದರೆ ಮನೆಯಲ್ಲಿ ಸಾಮಾನು ರಾಶಿ ಹಾಕುವುದನ್ನು, ಅಳೆಯಲು ಅವರ ಹತ್ತಿರ ಒಂದು ಫೋಟೋ ಅಳತೆ ಇದೆ, ಒಂದರಿಂದ ಒಂಬತ್ತರವರೆಗೆ. ಒಂಬತ್ತು ಅಂದರೆ ತೀರಾ ಹೆಚ್ಚು. ‘ಮನೆ ತುಂಬಾ ಗಲೀಜು’ ಅಂತ ನಾನು ಬರೆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ‘ಬೆಡ್‌ರೂಮ್ ಏಳು’ ಅಂತ ಅವರು ಬರೆದರೆ ಮೀಟಿಂಗಿನಲ್ಲಿ ಎಲ್ಲರೂ ನೆಟ್ಟಗೆ ಕೂರುತ್ತಾರೆ. ಯೂನಿಫಾರ್ಮ್ ಹಾಕಿದ ಆ ಮನುಷ್ಯ ತಾತನ ರೇಡಿಯೋಗಳ ಬಗ್ಗೆ ಮಾತಾಡುತ್ತಾ ಕೂತ. ಹಾಸಿಗೆಗೆ ಬೆಂಕಿ ಹತ್ತದ ಹೊದಿಕೆ, ಹೊಗೆ ಅಲಾರಂ, ಹಾಸಿಗೆಯಿಂದ ಬಾಗಿಲವರೆಗೆ ಒಂದು ದಾರಿ. ಅಷ್ಟಕ್ಕೆ ತಾತ ಒಪ್ಪಿದರು. ಬೋರ್ಡಿನಲ್ಲಿ ಕಾನೂನು ಪ್ರಕಾರ ಇರಲೇಬೇಕಾದವರು ಮೂವರು: ಕೌನ್ಸಿಲ್, ಎನ್‌ಎಚ್‌ಎಸ್‌ನ ಐಸಿಬಿ (ಆಯಾ ಪ್ರದೇಶದ ಆರೋಗ್ಯ ಸೇವೆಯನ್ನು ಯೋಜಿಸುವ ಮಂಡಳಿ), ಪೊಲೀಸ್. ಅಗ್ನಿಶಾಮಕ ದಳ ಆ ಮೂರರಲ್ಲಿಲ್ಲ. ನನಗಂತೂ ಇದು ಆಶ್ಚರ್ಯ.

ಪೊಲೀಸರ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅಲ್ಲಿ ಪಾಲಿಸಿ ಏನೂ ಮಾಡಲಿಲ್ಲ. ತಾತ ಬಾಗಿಲು ತೆಗೆಯದ ದಿನ ಹೋಗಿ ನೋಡಿ ಬನ್ನಿ ಅಂದರೆ ‘ರೈಟ್ ಕೇರ್, ರೈಟ್ ಪರ್ಸನ್’ ಅನ್ನುತ್ತಾರೆ. 2020ರಲ್ಲಿ ಹಂಬರ್‌ಸೈಡ್ ಪೊಲೀಸರು ಶುರು ಮಾಡಿ, 2023ರಲ್ಲಿ ಇಡೀ ಇಂಗ್ಲೆಂಡಿಗೆ ಒಪ್ಪಂದವಾದ ಪದ್ಧತಿ ಇದು. ಜೀವಕ್ಕೆ ತಕ್ಷಣದ ಅಪಾಯವೋ ಅಪರಾಧವೋ ಇಲ್ಲದಿದ್ದರೆ ಸುಮ್ನೆ ಕ್ಷೇಮ ನೋಡಿ ಬರಲು ಪೊಲೀಸರು ಬರುವುದಿಲ್ಲ. ಅವರ ಕಷ್ಟವೂ ಅರ್ಥವಾಗುತ್ತದೆ. ಆದರೆ ಇಂಗ್ಲೆಂಡಿನಲ್ಲಿ ಸೋಶಿಯಲ್ ವರ್ಕರ್‌ಗೆ ಸೇಫ್‌ಗಾರ್ಡಿಂಗ್ ಹೆಸರಿನಲ್ಲಿ ಒಳಗೆ ಹೋಗುವ ಅಧಿಕಾರ ಇಲ್ಲ. ವೇಲ್ಸ್‌ನಲ್ಲಿ ಕೋರ್ಟಿನಿಂದ ಅಂತಹ ಆರ್ಡರ್ ತರಬಹುದು, ಸ್ಕಾಟ್ಲೆಂಡಿನಲ್ಲಿ 2007ರ ಕಾಯ್ದೆಯಿಂದಲೇ ಇದೆ. ಇಲ್ಲಿ ಜೀವ ಉಳಿಸಲು ಬಾಗಿಲು ಒಡೆಯುವ ಅಧಿಕಾರ ಪೊಲೀಸರಿಗೆ ಇದೆ, ಅದಕ್ಕೆ ಅಪಾಯ ಅಷ್ಟು ದೊಡ್ಡದಾಗಿರಬೇಕು. ಈ ಸಂದು ಕಾನೂನಿನದು, ಯಾವ ಮೀಟಿಂಗೂ ಅದನ್ನು ಮುಚ್ಚಲಾರದು.

ಹಾಗಿದ್ದರೆ ಎರಡು ಅಂಕ ಕಡಿಮೆ ಯಾಕೆ ಅಂತ ಕೇಳುತ್ತೀರಿ.

ಒಂದು, ನಾಲ್ಕನೇ ಹಂತ. ಅಲ್ಲಿ ಬೋರ್ಡಿನ ಅಧ್ಯಕ್ಷರು ಬರುತ್ತಾರೆ. ನಾವು ಅಲ್ಲಿಗೆ ಹೋಗಲಿಲ್ಲ, ಹೋಗಿದ್ದರೂ ಅಧ್ಯಕ್ಷರು ಯಾವ ಸಂಸ್ಥೆಗೂ ಆಜ್ಞೆ ಮಾಡಲಾರರು. ಪೊಲೀಸರಿಗಾಗಲಿ ಆಸ್ಪತ್ರೆಗಾಗಲಿ ಅವರು ಬಾಸ್ ಅಲ್ಲ. ಕರೆದು ಕೂರಿಸಬಹುದು, ಬರೆದಿಡಬಹುದು, ಮುಜುಗರ ಮಾಡಿಸಬಹುದು. ಆ ಹೆದರಿಕೆಯಿಂದ ಕೆಳಗಿನ ಹಂತಗಳಲ್ಲಿ ಕೆಲಸ ಆಗುತ್ತದೆ ಅನ್ನುವುದು ನಿಜ. ಆದರೆ ಪಾಲಿಸಿ ಓದಿದರೆ ಅಲ್ಲಿ ಅಂತಿಮ ತೀರ್ಪು ಸಿಗುತ್ತದೆ ಅನ್ನುವ ಭಾವನೆ ಬರುತ್ತದೆ. ತೀರ್ಪು ಬೇಕಾದರೆ ಕೆಪಾಸಿಟಿಯ ಪ್ರಶ್ನೆಗಳನ್ನು ನೋಡುವ ಕೋರ್ಟ್ ಆಫ್ ಪ್ರೊಟೆಕ್ಷನ್. ಅದನ್ನು ಪಾಲಿಸಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದೆ.

ಎರಡು, ಪ್ರೊವೈಡರ್‌ಗಳು, ಅಂದರೆ ನಮ್ಮಂತಹ ಆರೈಕೆ ಕಂಪನಿಗಳು, ಇದನ್ನು ಬಳಸಬಹುದಾ ಅಂತ ಸ್ಪಷ್ಟವಾಗಿಲ್ಲ. ‘ಎಲ್ಲ ಪಾಲುದಾರ ಸಂಸ್ಥೆಗಳು’ ಅಂತ ಬರೆದಿದ್ದಾರೆ. ನಾವು ಪಾಲುದಾರರಾ? ನಾನು ಹೌದು ಅಂತ ಓದಿದೆ, ಯಾರೂ ತಡೆಯಲಿಲ್ಲ. ವೀಸಾ ಸ್ಪಾನ್ಸರ್ ಮಾಡಿದ ಕಂಪನಿಯಲ್ಲಿ ಕೆಲಸ ಮಾಡುವ ಕೇರರ್ ಹುಡುಗಿ ಹಾಗೆ ಓದುವ ಧೈರ್ಯ ಮಾಡುತ್ತಾಳಾ? ಅವಳ ಮ್ಯಾನೇಜರೇ ‘ದೊಡ್ಡದು ಮಾಡಬೇಡ’ ಅಂದರೆ ಈ ಪಾಲಿಸಿಯಿಂದ ಪ್ರಯೋಜನ ಇಲ್ಲ. ಆಗ ಅವಳಿಗೆ ಇರುವುದು ವಿಸಲ್‌ಬ್ಲೋಯಿಂಗ್ (ಕೆಲಸದ ಜಾಗದ ತಪ್ಪನ್ನು ಹೊರಗೆ ತಿಳಿಸುವುದು), ಆರೈಕೆ ಸೇವೆಗಳ ಮೇಲ್ವಿಚಾರಣೆ ಮಾಡುವ ಸಿಕ್ಯೂಸಿ. 1998ರ ಪಬ್ಲಿಕ್ ಇಂಟರೆಸ್ಟ್ ಡಿಸ್ಕ್ಲೋಶರ್ ಆಕ್ಟ್ ಅವಳಿಗೂ ರಕ್ಷಣೆ ಕೊಡುತ್ತದೆ. ಇದು ತಿಳಿದಿರಲಿ.

ಮನೆಯವರಿಗೂ ಇದು ಅಲ್ಲ. ಮಗಳೋ ತಮ್ಮನೋ ಕೌನ್ಸಿಲ್ ತೀರ್ಮಾನ ಒಪ್ಪದಿದ್ದರೆ ಕೌನ್ಸಿಲ್‌ಗೇ ಕಂಪ್ಲೇಂಟ್, ಆಮೇಲೆ ಇಂತಹ ದೂರುಗಳನ್ನು ಸ್ವತಂತ್ರವಾಗಿ ನೋಡುವ ಲೋಕಲ್ ಗವರ್ನ್‌ಮೆಂಟ್ ಆಂಡ್ ಸೋಶಿಯಲ್ ಕೇರ್ ಓಂಬುಡ್ಸ್‌ಮನ್. ಆ ದಾರಿ ಉದ್ದ.

ಇಷ್ಟು ಕೊರತೆ ಇದ್ದೂ ಬಳಸಿ ಅನ್ನುತ್ತೇನೆ. 2006ರಲ್ಲಿ ಕಾರ್ನ್‌ವಾಲ್‌ನ ಸೇಂಟ್ ಆಸ್ಟೆಲ್‌ನಲ್ಲಿ ಸ್ಟೀವನ್ ಹಾಸ್ಕಿನ್ ಅನ್ನುವವರ ಕೊಲೆಯಾಯಿತು. ಕಲಿಕೆಯ ತೊಂದರೆ ಇದ್ದ ಮನುಷ್ಯ. ಸ್ನೇಹಿತರ ಸೋಗಿನಲ್ಲಿ ಬಂದವರು ಅವರ ಮನೆಯನ್ನೇ ಹಿಡಿದುಕೊಂಡು, ಹಿಂಸೆ ಕೊಟ್ಟು ಕೊಂದರು. ಅದಕ್ಕೂ ಮೊದಲು ಸ್ಟೀವನ್ ಅವರೇ ಕೌನ್ಸಿಲ್ ಸೇವೆ ಬೇಡ ಅಂದಿದ್ದರು. ಬೇಡ ಅಂದರು, ನಿಲ್ಲಿಸಿದರು. ಯಾಕೆ ಬೇಡ ಅಂದರು ಅಂತ ಯಾರೂ ಹುಡುಕಲಿಲ್ಲ. ಪೊಲೀಸ್, ಆಸ್ಪತ್ರೆ, ಹೌಸಿಂಗ್ ಎಲ್ಲರಿಗೂ ಒಂದೊಂದು ತುಣುಕು ಗೊತ್ತಿತ್ತು ಅಂತ 2007ರ ಸೀರಿಯಸ್ ಕೇಸ್ ರಿವ್ಯೂ ಹೇಳಿತು. ಆ ರಿವ್ಯೂ ಸಾರಾಂಶವನ್ನು ನಮ್ಮ ಟೀಮಿನ ಹೊಸಬರಿಗೆಲ್ಲ ನಾನು ಓದಿಸುತ್ತೇನೆ. ‘ಬೇಡ ಅಂದರು’ ಅಂತ ಕೇಳಿದ ತಕ್ಷಣ ಪೆನ್ನು ಕೆಳಗಿಡಬಾರದು ಅಂತ.

ಇನ್ನು ಬಳಸುವವರಿಗೆ ಒಂದೆರಡು ಮಾತು. ಬೇಗ ಬಳಸಿ. ಕೋಪ ಬಂದ ಮೇಲೆ ಬರೆದ ಕಾಗದ ಜಗಳದ ಕಾಗದ ಆಗುತ್ತದೆ. ‘ಎಸ್ಕಲೇಟ್ ಮಾಡ್ತಿದ್ದೀನಿ’ ಅಂತ ಹೆದರಿಸಬೇಡಿ. ‘ನಮ್ಮ ಅಭಿಪ್ರಾಯ ಬೇರೆ ಇದೆ, ಪಾಲಿಸಿ ಪ್ರಕಾರ ನಿಮ್ಮ ಮ್ಯಾನೇಜರ್ ಜೊತೆ ಮಾತಾಡಬೇಕು ಅಂತಿದ್ದೇನೆ’ ಅಂತ ಮೊದಲೇ ತಿಳಿಸಿ. ಒಂದು ಸಲಕ್ಕೆ ಒಂದೇ ತೀರ್ಮಾನ ಪ್ರಶ್ನಿಸಿ. ನಮ್ಮ ಕೇಸಿನಲ್ಲಿ ಕೌನ್ಸಿಲ್ ಜೊತೆಗಿನದು, ಆಸ್ಪತ್ರೆ ಜೊತೆಗಿನದು ಎರಡನ್ನೂ ಬೇರೆ ಬೇರೆ ಇಟ್ಟಿದ್ದಕ್ಕೇ ಎರಡೂ ಮುಗಿದವು. ಫೋನಿನಲ್ಲಿ ಆದ ಮಾತನ್ನು ಅದೇ ದಿನ ಇಮೇಲಿನಲ್ಲಿ ಬರೆದು ಕಳಿಸಿ, ‘ನಾನು ಅರ್ಥ ಮಾಡಿಕೊಂಡಿದ್ದು ಹೀಗೆ’ ಅಂತ. ಆ ವ್ಯಕ್ತಿಯ ಫೈಲಿನಲ್ಲೂ ದಾಖಲಿಸಿ. ಮುಗಿದ ಮೇಲೆ ಬೋರ್ಡಿಗೆ ಫಾರ್ಮ್ ಕಳಿಸುವುದನ್ನು ಮರೆಯಬೇಡಿ. ಒಂದೇ ತರಹದ ಜಗಳ ಎಷ್ಟು ಸಲ ಬರುತ್ತಿದೆ ಅಂತ ಅವರಿಗೆ ಗೊತ್ತಾಗುವುದು ಅದರಿಂದ ಮಾತ್ರ.

ಆ ಫಾರ್ಮಿನ ಬಗ್ಗೆಯೇ ಕೊನೆಯ ತಕರಾರು. ಮೊದಲ ಪುಟ ಪೂರ್ತಿ ಸಂಸ್ಥೆಗಳ ಹೆಸರು, ಹುದ್ದೆ, ತಾರೀಕು. ಎರಡನೇ ಪುಟ ಯಾರು ಏನು ವಾದ ಮಾಡಿದರು ಅಂತ. ಆ ವ್ಯಕ್ತಿಗೆ ಏನು ಬೇಕಂತೆ ಅನ್ನುವ ಪ್ರಶ್ನೆ ಮೂರನೇ ಪುಟದ ತಳದಲ್ಲಿ, ಎರಡು ಸಾಲಿನ ಜಾಗದಲ್ಲಿ. ನಮ್ಮ ತಾತನ ಉತ್ತರ ಅದರಲ್ಲಿ ಹಿಡಿಸಲಿಲ್ಲ, ಬೇರೆ ಹಾಳೆ ಅಂಟಿಸಿದೆ. ಪಾಲಿಸಿ ಮುಂದಿನ ವರ್ಷ ಪರಿಷ್ಕರಣೆಗೆ ಬರುತ್ತದಂತೆ. ಆ ಪ್ರಶ್ನೆಯನ್ನು ಮೊದಲ ಪುಟಕ್ಕೆ ತನ್ನಿ, ಪ್ರೊವೈಡರ್‌ಗಳ ಹೆಸರನ್ನೂ ಸೇರಿಸಿ ಅಂತ ಬೋರ್ಡಿಗೆ ಬರೆದಿದ್ದೇನೆ. ಎರಡೂ ಮಾಡಿದರೆ ಇನ್ನೊಂದು ಅಂಕ ಕೊಡುತ್ತೇನೆ.